ಎಲೆ ಉದುರಿಸದ ಮರ

ನನ್ನ ನರ್ಸರಿಗೆ ಬರುವವರಲ್ಲಿ ಅರ್ಧ ಜನ ಕೇಳುವುದು ಒಂದೇ ಮರ. ಬೇಗ ಬೆಳೆಯಬೇಕು, ವರ್ಷವಿಡೀ ಹಸಿರಾಗಿರಬೇಕು, ಪಕ್ಕದ ಮನೆಯವರ ಕಣ್ಣಿಗೆ ಅಡ್ಡ ನಿಲ್ಲಬೇಕು, ಆದರೆ ಈಜುಕೊಳದೊಳಗೆ ಒಂದು ಎಲೆ, ಒಂದು ಹೂವು, ಒಂದು ಕಾಯಿ ಬೀಳಬಾರದು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಇಪ್ಪತ್ತಾರು ವರ್ಷದಿಂದ ಈ ಮರುಭೂಮಿ ಊರು ಮೇಸಾದಲ್ಲಿ ಗಿಡ ಮಾರುತ್ತಿದ್ದೇನೆ, ಅಂಥ ಮರವನ್ನು ದೇವರು ಇನ್ನೂ ಮಾಡಿಲ್ಲ. ಪ್ಲಾಸ್ಟಿಕ್‌ನದು ತಗೊಳ್ಳಿ ಎಂದು ಎಷ್ಟೋ ಜನರ ಮುಖಕ್ಕೇ ಹೇಳಿ ಕಳಿಸಿದ್ದೇನೆ. ದೊನ್ ಎಲಾದಿಯೊ ಅವರಿಗೂ ಹಾಗೇ ಹೇಳಿ ಕಳಿಸಬೇಕಿತ್ತು.

ಅವರು ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಆಕ್ಸಿಜನ್ ಸಿಲಿಂಡರನ್ನು ಪುಟ್ಟ ಗಾಡಿಯಲ್ಲಿ ಎಳೆದುಕೊಂಡು ಬಂದರು. ವಯಸ್ಸು ಎಪ್ಪತ್ತೆಂಟು. ನಲವತ್ತು ವರ್ಷ ತಾಮ್ರದ ಗಣಿಯಲ್ಲಿ ದೂಳು ಕುಡಿದ ಎದೆ. ನಮ್ಮಪ್ಪನೂ ಅದೇ ಗಣಿಯಲ್ಲಿದ್ದವನು, ಹಾಗಾಗಿ ನನ್ನನ್ನು ಮಗಳೇ ಎನ್ನುತ್ತಿದ್ದರು.

“ರಮೋನಾ, ಮಗಳೇ, ಒಂದು ಕಿಟಕಿ ಮುಚ್ಬೇಕಲ್ಲ.”

“ಪರದೆ ಅಂಗಡಿ ಆ ಕಡೆ ಇದೆ, ದೊನ್ ಎಲಾದಿಯೊ.”

“ನಮ್ಮ ಕಿಟಕಿ ಅಲ್ಲ ಕಣೇ. ಪಕ್ಕದವನದು.”

ಎರಡು ವರ್ಷದ ಹಿಂದೆ ಪಕ್ಕದವನು ಮಹಡಿ ಕಟ್ಟಿಸಿದ್ದ. ಅದರ ಕಿಟಕಿ ನೇರ ಇವರ ಕೊಳದ ಮೇಲೆ ತೆರೆಯುತ್ತಿತ್ತು. ಅದೇ ವರ್ಷ ಇವರ ಹೆಂಡತಿ ದೊನ್ಯಾ ತೆಂಚಾಗೆ ಕ್ಯಾನ್ಸರ್ ಬಂದು ಎಡಗಡೆಯ ಮೊಲೆ ತೆಗೆದಿದ್ದರು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಈಜುತ್ತಿದ್ದವರು ಅಲ್ಲಿಂದಾಚೆಗೆ ಕೊಳಕ್ಕೆ ಇಳಿದಿರಲಿಲ್ಲ.

“ಆ ಕಿಟಕಿ ಇರೋವರ್ಗೂ ನಾನು ಇಳಿಯಲ್ಲ ಅಂದ್ಲು ಕಣೇ. ತಪ್ಪೇನಿದೆ ಹೇಳು? ಯಾವನೋ ಮೇಲಿಂದ ನೋಡ್ತಾ ಇದ್ರೆ ಯಾರು ಇಳೀತಾರೆ?” ಸ್ವಲ್ಪ ಉಸಿರು ಎಳೆದುಕೊಂಡು ಹೇಳಿದರು, “ಮುಂದಿನ ಬೇಸಿಗೆ ದಾಟೋದು ಕಷ್ಟ ಅಂದಿದ್ದಾನೆ ಡಾಕ್ಟರು. ಅಷ್ಟರೊಳಗೆ ನನ್ನ ಮುದುಕಿ ಒಂದು ಸಲ ನೀರಿಗಿಳಿಯೋದನ್ನ ನೋಡ್ಬೇಕು. ಇನ್ನೇನೂ ಬೇಡ ನಂಗೆ.”

ಇಂಥ ಮಾತಿಗೆ ನಾನು ಕರಗುವವಳಲ್ಲ. ಅವತ್ತು ಕರಗಿದೆ.

ಮನೆಗೆ ಹೋಗಿ ನೋಡಿದೆ. ಕೊಳದ ನೀರು ತಳ ಕಾಣುವಷ್ಟು ತಿಳಿ. ಯಾರೂ ಇಳಿಯದ ಕೊಳವನ್ನು ಎರಡು ವರ್ಷದಿಂದ ಆ ಮನುಷ್ಯ ದಿನಾ ಬಲೆಯ ಕೋಲು ಹಿಡಿದು ಸೋಸುತ್ತಿದ್ದರು. ಗಣಿ ಊರಿನಲ್ಲಿ ಆ ಗಂಡಹೆಂಡತಿ ಚಿಕ್ಕವರಿದ್ದಾಗ ಕಂಪನಿಯ ಕೊಳಕ್ಕೆ ನಮ್ಮ ಮೆಕ್ಸಿಕನ್ ಜನರನ್ನು ವಾರಕ್ಕೊಂದೇ ದಿನ ಬಿಡುತ್ತಿದ್ದರು, ಹಳೇ ನೀರು ಖಾಲಿ ಮಾಡುವ ಹಿಂದಿನ ದಿನ. ಬೇರೆಯವರ ಕೊಳೆಯಲ್ಲಿ ಈಜು ಕಲಿತ ತನ್ನ ಹೆಂಡತಿ ಇನ್ನು ಮೇಲೆ ಕಸ ತೇಲುವ ನೀರಿಗೆ ಇಳಿಯಬಾರದು ಎಂಬುದು ಅವರ ಹಟ. ತಾನು ಹೋದ ಮೇಲೆ ಸೋಸುವವರು ಯಾರು? ಅದಕ್ಕೇ ಎಲೆ ಉದುರಿಸದ ಮರ.

“ಮೆಸ್ಕಿಟ್?” ಎಂದರು.

“ಬೇಸಿಗೆಯೆಲ್ಲ ಕಾಯಿ ಉದುರಿಸುತ್ತೆ.”

“ಪಾಲೊ ವೆರ್ದೆ?”

“ಏಪ್ರಿಲ್‌ನಲ್ಲಿ ಹೂವು ಉದುರಿ ನಿಮ್ಮ ಕೊಳ ಹಳದಿ ಸಾರಾಗುತ್ತೆ, ಬಡಿಸ್ಕೊಂಡು ತಿನ್ನಿ.”

“ಕಣಗಿಲೆ?”

“ಹೂವು ಕೊಳಕ್ಕೆ ಬೀಳುತ್ತೆ, ಜೊತೆಗೆ ಗಿಡವೆಲ್ಲ ವಿಷ. ಯಾಕೆ, ಡಾಕ್ಟರು ಹೇಳಿದ ದಿನಕ್ಕಿಂತ ಮುಂಚೆ ಹೋಗ್ಬೇಕಾ?”

ನಾನು ಮಾಸ್ಟಿಕ್ ಮರ ಹೇಳಿದೆ. ಒತ್ತಾದ ಎಲೆ, ಕಸ ಇಲ್ಲವೇ ಇಲ್ಲ ಅನ್ನಬೇಕು, ಬೇರೂ ಮರ್ಯಾದಸ್ಥ. ಕೊಳದ ಪಕ್ಕಕ್ಕೆ ಅದಕ್ಕಿಂತ ಒಳ್ಳೆಯ ಮರ ನಾನು ಕಂಡಿಲ್ಲ.

“ಕಿಟಕಿ ಮುಚ್ಚೋಕೆ ಎಷ್ಟು ದಿನ?”

“ಏಳೆಂಟು ವರ್ಷ.”

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ, ಕೊನೆಗೆ ನಾನೇ ಹಿಡಿದು ಕೂರಿಸಿದೆ. ಆಮೇಲೆ ಬೆರಳೆತ್ತಿ ಬೀದಿ ಮೂಲೆಯ ಮನೆಯನ್ನು ತೋರಿಸಿದರು. ಅಲ್ಲಿ ಎರಡೇ ವರ್ಷದ ಹಿಂದೆ ನೆಟ್ಟ ಸಿಸ್ಸೂ ಮರಗಳು ಸೂರು ದಾಟಿ ನಿಂತಿದ್ದವು. ಇಂಡಿಯಾದಿಂದ ಬಂದ ಜಾತಿ, ಆಗ ಊರಿಗೆಲ್ಲ ಅದರದೇ ಹುಚ್ಚು.

“ಅದು ಬೇಡ,” ಎಂದೆ. “ಮೇಲೆ ಸಾಧು, ಕಸ ಕಮ್ಮಿ, ನೆಲದೊಳಗೆ ಕಳ್ಳ. ನೀರಿರೋ ಕಡೆ ಬೇರು ನುಗ್ಗುತ್ತೆ. ಮೂರು ವರ್ಷಕ್ಕೆ ನಿಮ್ಮ ಕೊಳ ಒಡೆದು ಹಾಕುತ್ತೆ.”

“ಮೂರು ವರ್ಷ! ಅಷ್ಟೊತ್ತಿಗೆ ನನ್ನ ಎದೆ ಮೇಲೇ ಹುಲ್ಲು ಬೆಳೆದಿರುತ್ತೆ. ನೆಡು. ತೆಂಚಾಗೆ ಮಾತ್ರ ಹೇಳ್ಬೇಡ, ಆಣೆ ಇಡು.”

ಆಣೆ ಇಟ್ಟೆ. ಗೊತ್ತಿದ್ದೂ ನೆಟ್ಟೆ. ಗಿಡದ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ.

ಅಕ್ಟೋಬರ್‌ನಲ್ಲಿ ಪೆಟ್ಟಿಗೆಯಲ್ಲಿ ಬೆಳೆಸಿದ ಹತ್ತಡಿಯ ಐದು ಸಿಸ್ಸೂಗಳನ್ನು ಗೋಡೆಯುದ್ದಕ್ಕೂ ಇಳಿಸಿದೆವು. ದೊನ್ಯಾ ತೆಂಚಾ ಒಣಮಾಂಸ, ಮೊಟ್ಟೆ ಸುತ್ತಿದ ಟೊರ್ತಿಯಾ ರೊಟ್ಟಿಗಳನ್ನು ತಂದು ಕೊಟ್ಟು ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತರು.

“ಇದೇನು, ಹಿತ್ತಲಲ್ಲಿ ಕಾಡು ಮಾಡ್ತಿದ್ದೀರಾ?”

“ನಿನಗೋಸ್ಕರ ಕಣೇ ಮುದುಕಿ,” ಎಂದರು ಗಂಡ. “ಬೇಸಿಗೆ ಹೊತ್ತಿಗೆ ಆ ಕಿಟಕಿ ಮಾಯ!”

ತೆಂಚಾ ಒಂದು ಕ್ಷಣ ಗಂಡನ ಮುಖವನ್ನೇ ನೋಡಿ ಒಳಗೆ ಹೋದರು. ಹಿಗ್ಗಿಗೆ ಮಾತು ಹೊರಡಲಿಲ್ಲವೇನೋ ಅಂದುಕೊಂಡೆ.

ಮರಗಳು ನೀರು ಕುಡಿದು ಬೆಳೆದವು. ಮೇ ತಿಂಗಳಲ್ಲಿ ಕಿಟಕಿ ಅರ್ಧ ಮುಚ್ಚಿತು. ಎಲಾದಿಯೊ ಕೊಳದ ಮೆಟ್ಟಿಲ ಪಕ್ಕ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಟವೆಲ್ ಇಟ್ಟುಕೊಂಡು, ದಿನಾ ಬೆಳಿಗ್ಗೆ ಕಾಯತೊಡಗಿದರು. ನೀರು ತಣ್ಣಗಿದೆ ಎಂದರು ತೆಂಚಾ. ಜುಲೈನಲ್ಲಿ ನೀರು ಕುದಿಯುತ್ತಿದೆ ಎಂದರು. ಆಮೇಲೆ ಮಂಡಿ ನೋವು. ಹೆಂಡತಿಗೆ ಎಲ್ಲೋ ಒಂದು ಸಂದಿ ಕಾಣುತ್ತಿರಬೇಕು ಎಂದು ಆ ಮನುಷ್ಯ ನನಗೆ ಫೋನ್ ಮಾಡುತ್ತಿದ್ದರು. ನಾನು ಹೋಗಿ ಕೊಂಬೆಗಳನ್ನು ಎಳೆದು ಕಟ್ಟುತ್ತಿದ್ದೆ. ಮತ್ತೆ ಫೋನ್, ಮತ್ತೆ ಹಗ್ಗ.

ಆಗಸ್ಟ್‌ನಲ್ಲಿ ಎಲಾದಿಯೊ ಅವರ ತುಟಿ ನೀಲಿಯಾಗಿತ್ತು. “ನೀನೇ ಅವನ ಮಹಡಿ ಹತ್ತಿ ನೋಡ್ಕೊಂಡು ಬಾ, ಮಗಳೇ,” ಎಂದರು.

ಹೋಗಿ ಬೆಲ್ ಒತ್ತಿದೆ. ಪಕ್ಕದವನು ಬೊಕ್ಕತಲೆಯ ಮೇಷ್ಟ್ರು, ಸಂಕೋಚದ ಮನುಷ್ಯ, ಮೇಲೆ ಕರೆದುಕೊಂಡು ಹೋದ. ಎಲಾದಿಯೊ ಅಷ್ಟು ಹೆದರಿದ್ದ ಆ ಕೋಣೆಯಲ್ಲಿ ಇಸ್ತ್ರಿ ಮೇಜು, ಹಳೇ ರಟ್ಟಿನ ಪೆಟ್ಟಿಗೆಗಳು. ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ದೂಳು. ಆಚೆ ಬರೀ ಎಲೆ.

ಬಂದು ಇಬ್ಬರ ಎದುರಿಗೂ ಹೇಳಿದೆ. “ಒಂದು ತೂತೂ ಇಲ್ಲ. ಏನೇನೂ ಕಾಣಲ್ಲ.”

ಅವರು ಹೆಂಡತಿಯ ಕಡೆ ತಿರುಗಿದರು. ಅಷ್ಟು ಆಸೆ ತುಂಬಿದ ಮುಖವನ್ನು ನಾನು ಸಣ್ಣ ಮಕ್ಕಳಲ್ಲೂ ಕಂಡಿಲ್ಲ.

“ಕೇಳಿಸ್ತಾ, ಮುದುಕಿ? ಯಾರಿಗೂ ಕಾಣಲ್ಲ. ಇನ್ನೇನು?”

“ನಾಳೆ,” ಎಂದರು ತೆಂಚಾ.

ಅದಾದ ಮೇಲೆ ಎಲಾದಿಯೊ ಒಂಬತ್ತು ದಿನ ಬದುಕಿದ್ದರು. ಒಂಬತ್ತು ದಿನವೂ ನಾಳೆ. ಹೆಣದ ಮುಂದೆ ಜಪಮಾಲೆ ಹಿಡಿದು ಕೂತಿದ್ದ ಆ ಹೆಂಗಸಿನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ತಬ್ಬಿಕೊಂಡು ಸಮಾಧಾನ ಹೇಳಬೇಕಾದವಳು ಕೈ ಮುಟ್ಟಿ ಎದ್ದು ಬಂದೆ. ಕಲ್ಲು, ಬರೀ ಕಲ್ಲು ಅಂದುಕೊಂಡೆ. ಆಮೇಲೆ ಎರಡು ವರ್ಷ ಆ ಬೀದಿಗೇ ಹೋಗಲಿಲ್ಲ.

ಕೊನೆಗೆ ಅವರೇ ಫೋನ್ ಮಾಡಿದರು. ಕೊಳದ ಅಂಚು ಬಿರಿದಿದೆ, ನೆಲದ ಸಿಮೆಂಟ್ ಸೀಳಿಕೊಂಡು ಮರಿ ಸಿಸ್ಸೂಗಳು ಎದ್ದಿವೆ, ಗರಗಸ ತಗೊಂಡು ಬಾ ಎಂದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಬಾಗಿಲು ತೆರೆದವರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈಜುಡುಗೆ ಎಡಗಡೆ ಮೈಗಂಟಿ ಚಪ್ಪಟೆಯಾಗಿತ್ತು. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು.

“ಈಜ್ತೀರಾ?”

“ದಿನಾ.”

“ಯಾವಾಗಿನಿಂದ?”

“ಅವನನ್ನ ಮಣ್ಣು ಮಾಡಿದ ಮಾರನೇ ಬೆಳಿಗ್ಗೆಯಿಂದ.”

ನನಗೆ ತಡೆಯಲಾಗಲಿಲ್ಲ. “ಈ ಮರ ಕೊಳ ಒಡೆಯುತ್ತೆ ಅಂತ ಗೊತ್ತಿದ್ದೂ ನೆಟ್ಟೆ, ದೊನ್ಯಾ ತೆಂಚಾ. ಅವರೂ ಗೊತ್ತಿದ್ದೇ ನೆಡಿಸಿದ್ರು. ನಿಮ್ಮನ್ನ ಒಂದು ಸಲ ನೀರಲ್ಲಿ ನೋಡ್ಬೇಕು ಅಂತ ಆ ಕುರ್ಚಿಯಲ್ಲಿ ಕೂತು ಕೂತು ಸತ್ರು. ಕಿಟಕಿ ಮುಚ್ಚಿತ್ತಲ್ಲ! ಇನ್ನೇನು ಬೇಕಿತ್ತು ನಿಮಗೆ?”

ಅವರು ಟವೆಲ್ ಹೊದ್ದುಕೊಳ್ಳಲಿಲ್ಲ. ಹಾಗೇ ನಿಂತು ನನ್ನನ್ನು ನೋಡಿದರು.

“ಕಿಟಕಿಯವನು ನನಗೆ ಯಾರೇ? ಅವನು ನೋಡಿದ್ರೆಷ್ಟು, ಬಿಟ್ರೆಷ್ಟು? ಬಾಯಿಗೆ ಬಂದ ಒಂದು ನೆಪ ಹೇಳಿದೆ. ಆ ಹುಚ್ಚ ಅದನ್ನೇ ಹಿಡ್ಕೊಂಡ.” ಒದ್ದೆ ಕೂದಲು ಹಿಂಡಿದರು. “ನನ್ನ ಮುದುಕ ನೋಡ್ಬಾರ್ದು ಅಂತ ಕಣೇ ನಾನು ಇಳೀದೇ ಇದ್ದದ್ದು. ಐವತ್ತೈದು ವರ್ಷ ಅವನು ನನ್ನ ಯಾವ ಕಣ್ಣಲ್ಲಿ ನೋಡ್ತಿದ್ದ ಅಂತ ನನಗೆ ಗೊತ್ತು. ಆಪರೇಷನ್ ಆದ ಮೇಲೆ ಅವನೆದುರಿಗೆ ಬಟ್ಟೆ ಕೂಡ ಬದಲಾಯಿಸಲಿಲ್ಲ. ಕನಿಕರದ ಕಣ್ಣಲ್ಲಿ ನೋಡಿಬಿಟ್ರೆ ಅನ್ನೋ ಭಯ.”

“ಹೇಳಬಾರದಿತ್ತಾ?”

“ಹೇಗೆ ಹೇಳ್ಲಿ? ನೀನು ಆಚೆ ಹೋಗು, ನಾನು ಈಜ್ತೀನಿ ಅಂತ ಸಾಯೋ ಗಂಡನಿಗೆ ಹೇಳ್ಲಾ?”

ನಾನು ತಂದಿದ್ದ ಗರಗಸ ಎತ್ತಿಕೊಂಡೆ.

“ಎಲ್ಲ ಕಡಿದು ಹಾಕು,” ಎಂದು ಅವರು ಮೆಟ್ಟಿಲಿಳಿದು ಮತ್ತೆ ನೀರಿಗೆ ಹೋದರು.

ಮೊದಲ ಮರಕ್ಕೆ ಗರಗಸ ಇಟ್ಟೆ. ಎರಡನೆಯದು ಬೀಳುವಷ್ಟರಲ್ಲಿ ಕಿಟಕಿ ಪೂರ್ತಿ ಕಾಣಿಸಿತು. ಸದ್ದಿಗೆ ಮೇಷ್ಟ್ರು ಬಂದು ಗಾಜಿನ ಹಿಂದೆ ನಿಂತು ಕೆಳಗೆ ನೋಡತೊಡಗಿದ. ತೆಂಚಾ ಅಂಗಾತ ತೇಲುತ್ತಿದ್ದರು. ಅವನನ್ನು ನೋಡಿದರು, ಮೈ ಮುಚ್ಚಿಕೊಳ್ಳಲಿಲ್ಲ, ಕೈ ಬೀಸಿ ಈಜುತ್ತ ಆಚೆ ದಡಕ್ಕೆ ಹೋದರು.