ತಟ್ಟುವ ತನಕ

"ಮತ್ತೆ ಬಿಟ್ಟೆ!" ಹಂಸಿನಿ ಕೂತಲ್ಲೇ ತಿರುಗಿ ಪ್ರಕೃತಿಯ ಕೈ ಕೊಡವಿದಳು. "ನಾನು ತಟ್ಟಿದ್ನಾ? ತಟ್ಟದೆ ಯಾಕೆ ಬಿಡ್ತೀಯ?"

"ಗೋಡೆ ಕನ್ನಡೀಲಿ ನೋಡ್ದೆ, ನಿನ್ನ ಮುಖ ಕೆಂಪಾಗಿತ್ತು ಕಣೇ."

"ಕತ್ತು ಹಿಡಿದ್ರೆ ಕೆಂಪಾಗದೆ ಹಸಿರಾಗುತ್ತಾ?"

ಫರೀದಾಬಾದಿನ ಆ ಜೂಡೋ ತರಗತಿಯಲ್ಲಿ ಅಂದು ಪರೀಕ್ಷೆ. ಹಿಂದಿನಿಂದ ತೋಳು ಬಳಸಿ ಕತ್ತಿನ ಎರಡೂ ಪಕ್ಕ ಒತ್ತಬೇಕು, ಗಂಟಲಿನ ಮೇಲೆ ಭಾರ ಬೀಳಬಾರದು. ಸಿಕ್ಕಿಕೊಂಡವಳು ಆ ತೋಳಿನ ಮೇಲೆ ಎರಡು ಸಲ ತಟ್ಟಿದ ಕ್ಷಣವೇ ಹಿಡಿದವಳು ಬಿಡಬೇಕು, ಅದಕ್ಕೆ ಮೊದಲಲ್ಲ. ಒಬ್ಬಳು ತಪ್ಪಿದರೂ ಜೋಡಿ ಇನ್ನೂ ಮೂರು ತಿಂಗಳು ಇದೇ ತರಗತಿಯಲ್ಲಿ ಉಳಿಯಬೇಕು.

"ಪ್ರಕೃತಿ ಜೀ, ಅವರಿಗೆ ಸರಿಯಾದ ಹೊತ್ತಿಗೆ ತಟ್ಟೋಕೆ ಬರುತ್ತೋ ಇಲ್ವೋ ನಾನು ನೋಡಬೇಡವೇ?" ಕೋಚ್ ರಜತ್ ಹಿಂದಿಯಲ್ಲಿ ರೇಗಿದ. "ಇದೇ ಕೊನೇ ಸಲ."

ಹಂಸಿನಿಯ ಗಂಡ ಸಾತ್ವಿಕ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಫೀಸಿನಲ್ಲಿ ಮ್ಯಾನೇಜರ್ ಕೇಳದೆಯೇ ಅವಳ ಕೆಲಸವನ್ನು ಬೇರೆಯವರಿಗೆ ಹಂಚುತ್ತಿದ್ದ. ತರಕಾರಿ ಮಾರುವ ಭಯ್ಯಾ ಕೂಡ ಅವಳೊಡನೆ ಜಗಳವಾಡುವುದನ್ನು ಬಿಟ್ಟಿದ್ದ. ತನ್ನನ್ನು ಗಾಜಿನ ಲೋಟದಂತೆ ಹಿಡಿಯದವರು ಯಾರಾದರೂ ಸಿಗಲಿ ಎಂದೇ ಅವಳು ಇಲ್ಲಿ ಸೇರಿದ್ದು. ಅವಳನ್ನು ಒಬ್ಬಳೇ ಕಳಿಸಬಾರದೆಂದು, ಒಂದೇ ಮನೆಯಲ್ಲಿ ಜೊತೆಗೆ ಬಾಡಿಗೆಗಿದ್ದ ಗೆಳತಿ ಪ್ರಕೃತಿಯೂ ಹಿಂದೆಯೇ ಸೇರಿದ್ದಳು.

"ಕನ್ನಡಿ ನೋಡ್ಬೇಡ. ನನ್ನ ಕೈ ನೋಡು," ಎಂದಳು ಹಂಸಿನಿ.

"ನಿಂಗೇನಾದ್ರೂ ಆದ್ರೆ ನಿಮ್ಮಮ್ಮಂಗೆ ಏನಂತ ಹೇಳ್ಲಿ?"

"ಅವಳು ತಟ್ಟಲಿಲ್ಲ ಅಂತ ಹೇಳು."

ಪ್ರಕೃತಿಗೂ ಸಿಟ್ಟು ಬಂತು. ಹಂಸಿನಿಯ ಕತ್ತಿನ ಸುತ್ತ ತೋಳು ಈ ಸಲ ನಿಜವಾಗಿ ಬಿಗಿಯಿತು. ಕಿವಿಯಲ್ಲಿ ಗುಂಯ್ ಎನ್ನುವ ಮೊದಲೇ ಹಂಸಿನಿ ಎರಡು ಸಲ ತಟ್ಟಿದಳು. ಹಿಡಿತ ಕಳಚಿತು.

"ಅಚ್ಛಾ! ಈಗ ನೀವು ಹಿಡೀರಿ." ರಜತ್ ಹಂಸಿನಿಯತ್ತ ತಿರುಗಿದ.

ಹಂಸಿನಿ ಹಿಂದೆ ಕೂತು ತೋಳು ಬಳಸಿದಳು. ಮೊಣಕೈ ಮಡಿಸಿದಲ್ಲಿ ಪ್ರಕೃತಿಯ ಕತ್ತಿನ ನಾಡಿ ಟಕಟಕ ಬಡಿಯುತ್ತಿತ್ತು. ತೋಳು ಅಲ್ಲೇ ನಿಂತುಬಿಟ್ಟಿತು.

"ಹಿಡಿಯೇ! ಇಷ್ಟೊತ್ತೂ ನಂಗೆ ಬೈದೆಯಲ್ಲ, ಈಗ ನಿಂಗೇನಾಯ್ತು?"

"ಸುಮ್ನಿರು."

"ಹಂಸಿನಿ ಜೀ, ಹೊತ್ತಾಯ್ತು," ಎಂದ ರಜತ್.

ಅವಳು ಹಲ್ಲು ಕಚ್ಚಿ, ಕಲಿಸಿದ ಹಾಗೆ ನಿಧಾನವಾಗಿ ಬಿಗಿಸುತ್ತ ಹೋದಳು. ತೋಳಿನ ಮೇಲೆ ಒಂದು ಏಟು, ಇನ್ನೊಂದು. ಬಿಟ್ಟಳು.

ರಜತ್ ಹಾಳೆಯಲ್ಲಿ ಗುರುತು ಹಾಕಿ ಮುಂದಿನ ಜೋಡಿಯನ್ನು ಕರೆದ. ಪ್ರಕೃತಿ ಏಳಹೋದಳು. ಹಂಸಿನಿಯ ಎರಡು ಬೆರಳು ಇನ್ನೂ ಅವಳ ಕತ್ತಿನ ನಾಡಿಯ ಮೇಲೇ ಇದ್ದವು.

"ಬದುಕಿದೀನಿ ಕಣೇ. ಏಳು, ಬೇರೆಯವರು ಬರ್ತಿದಾರೆ."

"ಇರು, ಒಂದು ನಿಮಿಷ," ಎಂದಳು ಹಂಸಿನಿ. ಬೆರಳು ತೆಗೆಯಲಿಲ್ಲ.