ಸಿದ್ದವ್ವನವರ ಪತಿ

ಗಜೇಂದ್ರಗಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಫರ್ಜಾನಾಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇನ್ನಷ್ಟು ಮೆತ್ತಗಾಗುತ್ತದೆ. ಇದು ಗೊತ್ತಿದ್ದವನು ಅವಳ ಗಂಡ ಆಶಿಕ ಒಬ್ಬನೇ. ಎರೆಮಣ್ಣು ಸಾಹಿತ್ಯ ಬಳಗದ ಅಧ್ಯಕ್ಷ ಮಹಾಲಿಂಗಪ್ಪನವರಿಗೆ ಗೊತ್ತಿರಲಿಲ್ಲ.

ಮಹಾಲಿಂಗಪ್ಪನವರು ಅಬ್ಬಿಗೇರಿಯವರು. ರೋಣದಲ್ಲಿ ಕಾಳಿನ ವ್ಯಾಪಾರ, ಜೊತೆಗೆ ಕವಿತ್ವ. ಅವರು ಒಂದು ದಿನ ಫೋನ್ ಮಾಡಿ, ರೋಣದಲ್ಲಿ ‘ಸಾಹಿತ್ಯದಲ್ಲಿ ಮಹಿಳೆ’ ಅಂತ ಗೋಷ್ಠಿ ಇಟ್ಟಿದ್ದೇವೆ, ನಿಮ್ಮ ದನಿ ಭಾಳ ಇಂಪು, ನಿರೂಪಣೆ ನೀವೇ ಮಾಡಬೇಕು ಎಂದರು. ಮಾತಾಡುವವರು ಯಾರು ಎಂದು ಫರ್ಜಾನಾ ಕೇಳಿದಳು. ಆಶಯ ನುಡಿ ತಮ್ಮದೇ, ಉಪನ್ಯಾಸ ವಿಮರ್ಶಕ ಬಸವಪ್ರಸಾದರದು ಎಂದರು. ಹೆಣ್ಣುಮಕ್ಕಳು ಯಾರೂ ಇಲ್ಲವೇ ಅಂದದ್ದಕ್ಕೆ, ಹುಡುಕಿದೆವು, ಬರೆಯುವ ಹೆಣ್ಣುಮಕ್ಕಳು ನಮ್ಮ ಕಡೆ ಸಿಗುವುದಿಲ್ಲ ಎಂದು ಮರುಗಿದರು. ಎರಡು ಕಥಾಸಂಕಲನ ತಂದಿದ್ದ ಫರ್ಜಾನಾ, “ಆಗ್ಲಿರಿ, ಮಾಡತೀನಿ” ಎಂದಳು. ಪಕ್ಕದಲ್ಲಿ ಮಗಳಿಗೆ ಹೆರಳು ಹಾಕುತ್ತಿದ್ದ ಆಶಿಕ ಆ ಮೆತ್ತನೆಯ ದನಿ ಕೇಳಿ, ಬಾಚಣಿಗೆ ಹಿಡಿದುಕೊಂಡೇ ಅವಳ ಮುಖ ನೋಡಿದ.

ಬಸವಪ್ರಸಾದರ ಹೆಸರು ಕೇಳಿದಾಗಲೇ ಅವಳಿಗೆ ನರಗುಂದ ನೆನಪಾಗಿತ್ತು. ಹಿಂದಿನ ವರ್ಷ ಅಲ್ಲಿ ಅವಳ ಪುಸ್ತಕ ಬಿಡುಗಡೆಯಾದಾಗ ಪರಿಚಯಿಸಿದವರು ಈ ವಿಮರ್ಶಕರೇ. ಹಾರ್ಡ್‌ವೇರ್ ಅಂಗಡಿಯ ಆಶಿಕರ ಧರ್ಮಪತ್ನಿ, ಇಬ್ಬರು ಮಕ್ಕಳ ತಾಯಿ, ಮನೆಗೆಲಸ ಮುಗಿಸಿ ಬಿಡುವಿದ್ದಾಗ ಬರೆಯುತ್ತಾರೆ, ಇವರ ಕೈಯ ಬಿರಿಯಾನಿ ಉಂಡವರೇ ಪುಣ್ಯವಂತರು, ಇವತ್ತಿನ ಸೀರೆ ಇವರ ಮೈಗೆ ಎಷ್ಟು ಒಪ್ಪಿದೆ ನೋಡಿ ಎಂದೆಲ್ಲ ಹೊಗಳಿ, ಕಥೆಗಳು ಹೆಣ್ಣಿನ ಮನಸ್ಸಿನಂತೆ ಮೃದುವಾಗಿವೆ ಎಂದು ಕೂತುಬಿಟ್ಟಿದ್ದರು. ಆ ಮನೆಯಲ್ಲಿ ಬಿರಿಯಾನಿ ಮಾಡುವವನು ಆಶಿಕ. ಪುಸ್ತಕದ ಮೊದಲ ಕಥೆಯಲ್ಲೇ ಹೆಂಡತಿ ಗಂಡನನ್ನು ಬಾವಿಗೆ ನೂಕುತ್ತಾಳೆ.

ಈ ಸಲ ಫರ್ಜಾನಾ ತಯಾರಿ ಮಾಡಿಕೊಂಡಳು. ವೇದಿಕೆಯವರ ಪುಸ್ತಕಗಳನ್ನು ಮುಟ್ಟಲಿಲ್ಲ, ಅವರ ಹೆಂಡಂದಿರಿಗೆ ಫೋನ್ ಮಾಡಿದಳು. ಬಸವಪ್ರಸಾದರ ಹೆಂಡತಿ ನಿರ್ಮಲಾ, ಬ್ಯಾಂಕಿನಲ್ಲಿ ಕೈತುಂಬ ಕೆಲಸ ಇದ್ದರೂ, ಬಹಳ ಹೊತ್ತು ಸಂತೋಷದಿಂದ ಮಾತಾಡಿದರು.

ಗೋಷ್ಠಿಯ ದಿನ ಸಭಾಭವನದ ತುಂಬ ಕಾಲೇಜು ಹುಡುಗಿಯರು. ಫರ್ಜಾನಾ ಮೈಕು ಹಿಡಿದು ಪುಸ್ತಕದ ಕನ್ನಡದಲ್ಲಿ ಶುರು ಮಾಡಿದಳು.

“ಶ್ರೀ ಮಹಾಲಿಂಗಪ್ಪನವರು ಶ್ರೀಮತಿ ಸಿದ್ದವ್ವನವರ ಪತಿ, ಮೂವರು ಮಕ್ಕಳ ತಂದೆ. ಅಂಗಡಿ, ಮನೆ ಎರಡನ್ನೂ ತೂಗಿಸಿಕೊಂಡು ಬಿಡುವಿನಲ್ಲಿ ಕವಿತೆ ಬರೆಯುತ್ತಾರೆ. ಪತ್ನಿಯ ಪ್ರೋತ್ಸಾಹವಿಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ಈ ವಯಸ್ಸಿನಲ್ಲೂ ಮೈಕಟ್ಟನ್ನು ಚೆನ್ನಾಗಿ ಕಾಪಾಡಿಕೊಂಡಿದ್ದಾರೆ.”

ಕೈ ಮುಗಿಯಲು ಎದ್ದಿದ್ದ ಮಹಾಲಿಂಗಪ್ಪನವರು ಅರ್ಧಕ್ಕೇ ನಿಂತರು. ಮುಂದಿನ ಸಾಲಿನಲ್ಲಿ ಸಿದ್ದವ್ವ ಸೆರಗು ಬಾಯಿಗಿಟ್ಟುಕೊಂಡರೂ ಹೆಗಲು ಕುಣಿಯುತ್ತಿದ್ದವು. ಫರ್ಜಾನಾ ಮುಂದುವರಿಸಿದಳು. ಬಸವಪ್ರಸಾದರು ನಿರ್ಮಲಾ ಅವರ ಪತಿ, ಗಂಡಸಾಗಿಯೂ ಆಳವಾಗಿ ಯೋಚಿಸುತ್ತಾರೆ. “ಚಹಾ ಮಾಡಲು ಬರುವುದಿಲ್ಲವಾದರೂ ಆ ಕೊರತೆ ಅವರ ವಿಮರ್ಶೆಯಲ್ಲಿ ಎಲ್ಲೂ ಕಾಣುವುದಿಲ್ಲ.”

ಹುಡುಗಿಯರ ನಗು ಛಾವಣಿಗೆ ಬಡಿಯಿತು. ವೇದಿಕೆಯವರು ಎದ್ದು ಆಕ್ಷೇಪಿಸೋಣವೆಂದರೆ ಅವಳ ಮಾತಿನಲ್ಲಿ ಒಂದಾದರೂ ಬೈಗುಳ ಇರಲಿಲ್ಲ. ಬಸವಪ್ರಸಾದರು ಉಪನ್ಯಾಸವನ್ನು ಹೆಣ್ಣು ಸಹಜವಾಗಿಯೇ ಮೃದು ಎನ್ನುವಲ್ಲಿಂದ ಆರಂಭಿಸಬೇಕಿತ್ತು. ಆ ಸಾಲು ಬಂದಾಗ ಒಮ್ಮೆ ಫರ್ಜಾನಾಳ ಕಡೆ ನೋಡಿದರು, ಹಾಳೆ ಮಗುಚಿದರು, ಲಗೂ ಮುಗಿಸಿ ಕೂತರು.

ಊಟದ ಹೊತ್ತಿಗೆ ಮಹಾಲಿಂಗಪ್ಪನವರು ಅವಳನ್ನು ಬದಿಗೆ ಕರೆದರು.

“ಇದು ಬರೋಬ್ಬರಿ ಅಲ್ರಿ ಮೇಡಂ. ಇಷ್ಟೊಂದ ಪುಸ್ತಕ ಬರದೀನಿ, ಒಂದರ ಹೆಸರೂ ಹೇಳಲಿಲ್ಲ ನೀವು. ಮೈಕಟ್ಟಿನ ಸುದ್ದಿ ಯಾಕ ಬೇಕಿತ್ರಿ?”

“ಮೆಚ್ಚಿಗಿ ಮಾತರಿ ಅಣ್ಣಾರ. ಬ್ಯಾಸರಾತೇನ್ರಿ?”

ಅವರು ಹೆಗಲ ಶಾಲನ್ನು ಎದೆಯ ಮೇಲೆ ಎಳೆದುಕೊಂಡರು. “ಒಂಥರಾ ಆತ್ರಿ,” ಎಂದರು. “ಎಲ್ಲಾರೂ ನನ್ನ ಅಂಗೀ ಗುಂಡೀನ ನೋಡಾಕತ್ತಾರ ಅನಿಸ್ತು.”

ಫರ್ಜಾನಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ನರಗುಂದದಿಂದ ಮನೆಗೆ ಬರುವಾಗ ಬಸ್ಸಿನಲ್ಲಿ ಸೀರೆಯ ಸೆರಗು ಮತ್ತೆ ಮತ್ತೆ ಎಳೆದುಕೊಂಡದ್ದು ನೆನಪಾಯಿತು. “ನನಗೂ ಹಂಗ ಆಗಿತ್ರಿ,” ಎಂದಷ್ಟೇ ಹೇಳಿ ತಾಟಿಗೆ ರೊಟ್ಟಿ ಹಾಕಿಸಿಕೊಳ್ಳಲು ಹೋದಳು.

ಬಳಗದವರು ಸಭೆ ಸೇರಿ, ಈ ಹೆಣ್ಣುಮಗಳ ಕೈಗೆ ಇನ್ನು ನಿರೂಪಣೆ ಕೊಡಕೂಡದು ಎಂದು ಠರಾವು ಮಾಡಿದರು. ಹೆಣ್ಣುಮಕ್ಕಳಿಗೆ ಅಂತ ಅವರ ಕಾರ್ಯಕ್ರಮದಲ್ಲಿ ಇದ್ದದ್ದೇ ನಿರೂಪಣೆ ಮತ್ತು ಪ್ರಾರ್ಥನೆ. ಫರ್ಜಾನಾಳಿಗೆ ಹಾಡಲು ಬರುತ್ತಿರಲಿಲ್ಲ. ಮುಂದಿನ ಗೋಷ್ಠಿ ಅವಳ ಊರಲ್ಲೇ ಇದ್ದುದರಿಂದ ಅವಳನ್ನು ಬಿಡುವಂತೆಯೂ ಇರಲಿಲ್ಲ. ಮನೆಯಲ್ಲಿ ಗಂಡ ಈ ಪೇಚು ಹೇಳಿಕೊಂಡಾಗ ಸಿದ್ದವ್ವ, ಹಾಗಾದರೆ ಅವಳಿಗೇ ಭಾಷಣ ಕೊಡ್ರಿ, ಆಗ ನಿಮ್ಮ ಪರಿಚಯ ಮಾಡುವ ಗೋಜೇ ಅವಳಿಗಿರುವುದಿಲ್ಲ ಎಂದರಂತೆ. ಮಹಾಲಿಂಗಪ್ಪನವರಿಗೆ ಇದು ಭಾರಿ ಉಪಾಯ ಅನ್ನಿಸಿತು.

ಹೀಗೆ ಗಜೇಂದ್ರಗಡದಲ್ಲಿ ಫರ್ಜಾನಾ ಮೊದಲ ಬಾರಿ ಉಪನ್ಯಾಸಕಿಯಾಗಿ ವೇದಿಕೆ ಹತ್ತಿದಳು. ನಮ್ಮ ಕಥೆಗಳಲ್ಲಿ ಹೆಣ್ಣುಮಕ್ಕಳೇ ಯಾಕೆ ಇಷ್ಟು ಸಾಯುತ್ತಾರೆ, ಸತ್ತ ಮೇಲೆಯೇ ಯಾಕೆ ದೇವಿಯಾಗುತ್ತಾರೆ ಎಂದು ಮಾತಾಡಿದಳು. ಕೆಲವರು ಎದ್ದು ಹೋದರು. ಉಳಿದವರು ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರು. ಕೊನೆಗೆ ಹಿರಿಯರೊಬ್ಬರು ಎದ್ದು, ಅದೆಲ್ಲ ಇರಲಿ, ಮನೆ ಮತ್ತು ಬರವಣಿಗೆ ಎರಡನ್ನೂ ಹ್ಯಾಂಗ ತೂಗಿಸ್ತೀರಿ ಎಂದು ಕೇಳಿದರು.

ಫರ್ಜಾನಾ ಮೈಕನ್ನು ಮುಂದೆ ಕೂತಿದ್ದ ಗಂಡನ ಕೈಗೆ ಕೊಟ್ಟಳು. ಆಶಿಕ ಗಾಬರಿಯಾಗಿ ಎದ್ದ.

“ಇನ್ನೂ ಬರೋಬ್ಬರಿ ತೂಗವಲ್ದ್ರಿ,” ಎಂದ. “ಇವತ್ತ ಮುಂಜಾನೆ ಹಾಲು ಉಕ್ಕಿ ಹೋದುವು.”

ಗ್ಯಾಸು ಸಣ್ಣಗೆ ಇಟ್ಟಿದ್ದರೆ ಉಕ್ಕುತ್ತಿರಲಿಲ್ಲ ಎಂದು ಆ ಹಿರಿಯರು ಗಂಭೀರವಾಗಿ ಸಲಹೆ ಕೊಟ್ಟರು. ಅವರ ಪಕ್ಕದಲ್ಲಿದ್ದ ಅವರ ಹೆಂಡತಿ ತಿರುಗಿ, ಮದುವೆಯಾದಾಗಿನಿಂದ ನೋಡದಿದ್ದ ಮನುಷ್ಯನನ್ನು ನೋಡುವಂತೆ ಗಂಡನನ್ನು ನೋಡಿದರು.