ಹೊಗೆಯಿಲ್ಲದ ತಾಮ್ರ

ಸಂಜೆ ತಾಮ್ರ ಕೊಳ್ಳುವವನ ಗಾಡಿ ಬರುವುದರೊಳಗೆ ಅಂಗಳದ ರಾಶಿ ಕರಗಬೇಕಿತ್ತು. ಹಳೇ ವೈರುಗಳ ರಾಶಿಯೋ, ಎಳೆದಷ್ಟೂ ಬೆಳೆಯುತ್ತಿತ್ತು. ಮೈದುನನಿಗೆ ಅತ್ತಿಗೆಯಾದವಳು ಇಡೀ ಬೀದಿಗೇ ಅತ್ತಿಗೆ. ಅವಳು ಒಂದು ಕಣ್ಣು ವೈರಿನ ಸಿಪ್ಪೆ ಸುಲಿಯುವ ಯಂತ್ರದ ಮೇಲೆ, ಇನ್ನೊಂದು ಬಾಗಿಲ ಮೇಲೆ ಇಟ್ಟುಕೊಂಡೇ ವೈರು ತೂರಿಸುತ್ತಿದ್ದಳು. ಒಳಗೆ ಗಂಡ ಕೆಮ್ಮುತ್ತಿದ್ದ. ವರ್ಷಗಟ್ಟಲೆ ವೈರು ಸುಟ್ಟು ತಾಮ್ರ ತೆಗೆದವನ ಎದೆ ಅದು. ಇನ್ನೊಂದು ಸಲ ಆ ಹೊಗೆ ಕುಡಿದರೆ ತನ್ನ ಕೈಲಿ ಏನೂ ಆಗದೆಂದು ಡಾಕ್ಟರು ಕೈಚೆಲ್ಲಿದ ಮೇಲೆಯೇ ಯಂತ್ರ ಬಂದದ್ದು.

ಗಂಡನಿಗೆ ಮಾತ್ರ ಕೂತಲ್ಲಿ ಮುಳ್ಳು. ಮತ್ತೆ ಬಾಗಿಲಿಗೆ ಬಂದ.

“ಬೆಂಕಿ ಇಟ್ಟಿದ್ರೆ ಇಷ್ಟೊತ್ತಿಗೆ ಕೆಲ್ಸ ಮುಗಿದು ಊಟಾನೂ ಆಗಿರೋದು.”

“ಊಟ ಮಾಡೋಕೆ ನೀವಿರಬೇಕಲ್ಲ. ಹೋಗಿ ಮಲಗಿ.”

“ಅತ್ತಿಗೆ ಹೇಳಿದ್ಮೇಲೆ ಮುಗೀತಣ್ಣ, ಅಪೀಲಿಲ್ಲ,” ಎಂದ ಮೈದುನ. ಉದ್ದದ ವೈರು ತುಂಡು ಮಾಡಿಕೊಡುವ ಕೆಲಸ ಅವನದು. ಬಾಯಿಯಷ್ಟೇ ಜೋರಾಗಿ ಕತ್ತರಿಯೂ ಆಡುತ್ತಿತ್ತು. ರಾಶಿಯಡಿಯಿಂದ ಇಣುಕಿದ ದಪ್ಪ ಕರಿ ವೈರೊಂದನ್ನು ಹಿಡಿದು ಕಚಕ್ಕನೆ ಕತ್ತರಿಸಿದ.

ಚಟ್ ಎಂದು ಕಿಡಿ ಹಾರಿ, ಯಂತ್ರ ನಿಂತೇಹೋಯಿತು.

ಅವಳು ತಟ್ಟನೆ ತಿರುಗಿ ನೋಡಿದಳು. ಮೈದುನ ನೆಟ್ಟಗೆ ನಿಂತಿದ್ದ. ಕತ್ತರಿ ಹಿಡಿಯ ರಬ್ಬರು ಅವನನ್ನು ಉಳಿಸಿತ್ತು.

“ಕರೆಂಟ್ ಹೋಯ್ತಾ ಅತ್ತಿಗೆ?”

“ಹೋಗ್ಲಿಲ್ಲ ಪುಣ್ಯಾತ್ಮ, ನೀನೇ ಕಳಿಸ್ದೆ. ಯಂತ್ರದ್ದೇ ವೈರು ಅದು.” ಓಡಿಹೋಗಿ ಪ್ಲಗ್ ಕಿತ್ತಳು.

“ಎಲ್ಲಾ ಕರೀನೇ. ಸತ್ತಿದ್ದು ಯಾವ್ದು, ಬದುಕಿದ್ದು ಯಾವ್ದು ಅಂತ ಹಣೇಲಿ ಬರೆದಿರುತ್ತಾ?”

ಯಂತ್ರದೊಳಗಿಂದ ಸುಟ್ಟ ವಾಸನೆ ಬರುತ್ತಿತ್ತು. ರಿಪೇರಿಯವನು ನೋಡುವವರೆಗೆ ಮುಟ್ಟುವಂತಿರಲಿಲ್ಲ. ತಿರುಗಿ ನೋಡಿದರೆ ಗಂಡ ಸೀಮೆಎಣ್ಣೆ ಡಬ್ಬಿ, ಬೆಂಕಿಪೊಟ್ಟಣ ಹಿಡಿದು ರಾಶಿಯ ಮುಂದೆ ನಿಂತಿದ್ದಾನೆ.

“ಗಾಡಿಯವ್ನು ಖಾಲಿ ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ಆಚೆ ಸರಿ.”

ಅವಳು ವಾದಕ್ಕಿಳಿಯಲಿಲ್ಲ. ಡ್ರಮ್ಮಿನ ನೀರನ್ನು ಬಕೆಟ್ಟುಗಟ್ಟಲೆ ಎತ್ತಿ ರಾಶಿಯ ಮೇಲೆ ಸುರಿದಳು. ಗಂಡನ ಕಾಲು ತೊಯ್ದಿತು, ಬೆಂಕಿಪೊಟ್ಟಣವೂ ನೆನೆಯಿತು.

“ತಲೆ ಕೆಟ್ಟಿದ್ಯಾ ನಿಂಗೆ?”

“ಕೆಟ್ಟಿದೆ. ಆದಷ್ಟು ಕೈಲೇ ಸುಲಿದು ಕೊಡೋಣ. ಅವ್ನು ಬರದಿದ್ರೆ ಇನ್ನೊಬ್ಬ ಗಾಡಿಯವನನ್ನ ಹುಡುಕ್ತೀನಿ. ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ?”

ಗಂಡ ನೆನೆದ ಬೆಂಕಿಪೊಟ್ಟಣ ಆಚೆ ಎಸೆದ. ಕೆಮ್ಮಿದ. ಆಮೇಲೆ ಮಣೆ ಎಳೆದುಕೊಂಡು ಕೂತು, ತಮ್ಮನತ್ತ ಕೈಚಾಚಿದ.

“ಚಾಕು ಕೊಡು. ಇನ್ನೊಂದ್ಸಲ ಆ ಕತ್ತರಿ ಮುಟ್ಟಿದ್ಯೋ, ನಿನ್ನನ್ನೇ ಸುಲಿತೀನಿ.”

ಬೀದಿಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ಮೂವರ ಕೈಯೂ ಇನ್ನಷ್ಟು ಚುರುಕಾಗುತ್ತಿತ್ತು.